ಮರಿದೇವರ ಹೊಟ್ಟೆ

ಕಣ್ಣು ಬಿಡುವ ಮೊದಲೇ ಸಂಗಯ್ಯನಿಗೆ ವಾಸನೆ ಬಡಿಯಿತು. ಒಡೆದ ಹಾಲಿನ ಹುಳಿ, ಅದರ ಜೊತೆಗೆ ಹೆಸರಿಡಲಾಗದ ಇನ್ನೊಂದು. ಒಂಬತ್ತು ದಿನದಿಂದ ಅದು ಅವನ ಮೂಗಿನಲ್ಲೇ ಠಿಕಾಣಿ ಹೂಡಿತ್ತು. ದವಾಖಾನೆಯಲ್ಲಿ ಫಿನೈಲಿನ ಡಬ್ಬಿ ತೆರೆದರೂ ಅದೇ, ಊಟಕ್ಕೆ ಕೂತರೂ ಅದೇ. ಹಾಸಿಗೆಯಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, ಇವತ್ತಾದರೂ ಸತ್ತಿರಬಹುದು ಅಂದುಕೊಂಡ. ಹಾಗಂದುಕೊಂಡದ್ದರಲ್ಲಿ ಸಣ್ಣದೊಂದು ಸಮಾಧಾನವಿತ್ತು ಅನ್ನುವುದು ತಿಳಿದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎದ್ದು ಪಡಸಾಲೆಗೆ ಬಂದ. ಸತ್ತಿರಲಿಲ್ಲ. ಅವ್ವ ಸಿದ್ದವ್ವ ಗೋಡೆಗೆ ಒರಗಿ ಕೌದಿಯ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲೆ ಬೂದಿ ಬಣ್ಣದ ಬೆಕ್ಕಿನ ಮರಿ, ಅಂಗೈಯಷ್ಟು. ಹಿಂಗಾಲುಗಳ ಸಂದಿಯ ಕೂದಲು ಒದ್ದೆಯಾಗಿ ಅಂಟಿಕೊಂಡು, ಬಾಲದ ಬುಡ ಕೆಂಪಗೆ ಹುಣ್ಣಾಗಿತ್ತು. ಹಣೆಯ ಮೇಲೆ ಮಾತ್ರ ಅವ್ವ ಹಚ್ಚಿದ ವಿಭೂತಿ ಬೆಳ್ಳಗೆ ಒಣಗಿತ್ತು. ಕೌದಿಯ ಅಂಚಿನಲ್ಲಿ ಹಳದಿ ನೀರು, ಅದರೊಳಗೆ ಬಿಳಿಯ ಮೊಸರಿನಂಥ ಚೂರುಗಳು. ಅವನು ಒಲೆಯ ಬೂದಿ ತಂದು ಉದುರಿಸಿ, ರಟ್ಟಿನ ತುಂಡಿನಿಂದ ಬಳಿದು, ಒದ್ದೆ ಅರಿವೆಯಿಂದ ಒರೆಸಿದ. ಅವ್ವ ಅವನ ಕೈಯನ್ನೇ ನೋಡುತ್ತ, ಒಂದು ವಾಟಗ ಹಾಲು ಕುಡಿದಿದೆ, ಕುಡಿಯುವ ಶಕ್ತಿ ಇದೆ ಅಂದರೆ ಬದುಕುತ್ತದೆ ಅಂದಳು. ಎಮ್ಮೆಯ ಹಾಲು, ಗಟ್ಟಿ, ಅವಳು ತನ್ನ ಪಾಲಿನದನ್ನೇ ಕುಡಿಸಿದ್ದು. ಆ ಹಾಲೇ ಅದನ್ನು ಕೊಲ್ಲುತ್ತಿದೆ ಅನ್ನುವುದು ಸಂಗಯ್ಯನಿಗೆ ಐದು ದಿನದಿಂದ ಗೊತ್ತಿತ್ತು. ಅವನು ಹೂಂ ಅಂದು ಬಚ್ಚಲಿಗೆ ಹೋದ.

ತಾಯಿಬೆಕ್ಕನ್ನು ನಾಯಿಗಳು ಹರಿದುಹಾಕಿದ ಮೇಲೆ ಹಿತ್ತಿಲ ಕಣಿಕೆಯ ಬಣವೆಯೊಳಗೆ ಮೂರು ಮರಿ ಚೀರುತ್ತಿದ್ದವು. ಎರಡು ಅಂದೇ ಸತ್ತವು. ಮೊಣಕಾಲು ಹಿಡಿದು ಮನೆಯ ಹೊಸ್ತಿಲನ್ನೂ ದಾಟದ ಸಿದ್ದವ್ವ, ಆ ದಿನ ಗೋಡೆ ಹಿಡಿದುಕೊಂಡು ಹಿತ್ತಿಲವರೆಗೆ ಹೋಗಿ ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿ ತಂದಳು. ಅದಕ್ಕೆ ಮರಿದೇವರು ಅಂತ ಹೆಸರಿಟ್ಟಳು. ಮಠದಲ್ಲಿ ಮುಂದೆ ಪಟ್ಟಕ್ಕೆ ಬರಬೇಕಾದ ಹುಡುಗ ಸ್ವಾಮಿಯನ್ನು ಕರೆಯುವ ಹಾಗೆ. ಬೆಳಿಗ್ಗೆ ತನ್ನ ಲಿಂಗಪೂಜೆ ಮುಗಿದ ಕೂಡಲೇ ಮರಿಯ ಹಣೆಗೆ ವಿಭೂತಿ ಎಳೆಯುವಳು. ಜಂಗಮರ ಮನೆಗೆ ಬಂದದ್ದು, ನಾವು ಉಂಡದ್ದನ್ನೇ ಉಣ್ಣಬೇಕು, ಬೇರೆ ಬೇಡುವ ಹಾಗಿಲ್ಲ ಅಂತ ಅದಕ್ಕೆ ಬುದ್ಧಿ ಹೇಳುವಳು. ಮೊದಲ ವಾರ ಮನೆಯಲ್ಲಿ ಒಂಥರಾ ಹಬ್ಬ. ನಾಲ್ಕು ವರ್ಷದಿಂದ ಇಬ್ಬರೇ, ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದ ಆ ಮನೆಯಲ್ಲಿ ಅವ್ವ ನಕ್ಕದ್ದು ಕೇಳಿ ಸಂಗಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಬಿಟ್ಟು ನಿಂತಿದ್ದ. ಆಮೇಲೆ ಹೊಟ್ಟೆ ಕೆಟ್ಟಿತು. ಹುನಗುಂದದ ದನದ ದವಾಖಾನೆಯಲ್ಲಿ ಹದಿನೇಳು ವರ್ಷ ಕಂಪೌಂಡರಿಕೆ ಮಾಡಿದ ಸಂಗಯ್ಯನಿಗೆ ಇದೇನು ದೊಡ್ಡ ಸಂಗತಿ ಅನ್ನಿಸಿತ್ತು. ಉಬ್ಬಿದ ಎತ್ತಿನ ಹೊಟ್ಟೆ ಇಳಿಸಿದವನು, ಕರುಗಳ ಜುಲಾಬು ನಿಲ್ಲಿಸಿದವನು. ಕರುಗಳಿಗೆ ಕೊಡುವ ಪುಡಿಯಲ್ಲಿ ಉಗುರಿನ ತುದಿಯಷ್ಟು ತಂದು ಹಾಲಿನಲ್ಲಿ ಕಲಸಿ ಕುಡಿಸಿದ. ಜಂತಿನ ಔಷಧದ ಎರಡು ಹನಿ ಹಾಕಿದ. ದಾಳಿಂಬೆಯ ಸಿಪ್ಪೆ ತೇಯ್ದು ನೆಕ್ಕಿಸಿದ. ಒಂದು ದಿನ ನಿಂತ ಹಾಗೆ ಮಾಡಿ ಮರುದಿನ ಇಮ್ಮಡಿಯಾಯಿತು. ಓಣಿಯವರು ಕೇಳತೊಡಗಿದರು. ಮನೆಯಲ್ಲಿ ಬೆಕ್ಕು ಸತ್ತರೆ ಆ ಪಾಪಕ್ಕೆ ಕಾಶಿಗೆ ಹೋಗಿ ಬಂಗಾರದ ಬೆಕ್ಕು ಕೊಟ್ಟರೂ ತೀರುವುದಿಲ್ಲ ಅಂತ ಯಾರೋ ಅವ್ವನಿಗೆ ಹೇಳಿ ಹೋದರು. ಅವ್ವ ಅಂದಿನಿಂದ ಮರಿಯನ್ನು ನೆಲಕ್ಕೆ ಬಿಡಲೇ ಇಲ್ಲ.

ಐದು ದಿನದ ಹಿಂದೆ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿದ್ದ. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದಿದ್ದ ಹರೆಯದ ಮನುಷ್ಯ, ಪುಸ್ತಕದ ಹಾಗೆ ಮಾತಾಡುವವನು. ರೈತರು ಅವನ ಮುಂದೆ ನಿಂತು ಅರ್ಧ ತಿಳಿದು ಅರ್ಧ ತಿಳಿಯದೆ ಸಂಗಯ್ಯನ ಮುಖ ನೋಡುತ್ತಿದ್ದರು. ಬೆಕ್ಕಿನ ಮರಿ ಅಂದಾಗ ಡಾಕ್ಟರು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, ಏನು ತಿನ್ನಿಸುತ್ತೀರಿ ಅಂತ ಕೇಳಿದ. ಸಂಗಯ್ಯ ಹೇಳಿದ.

"ಹಾಲು ನಿಲ್ಲಿಸಿಬಿಡಿ ಸಂಗಯ್ಯನವರೇ. ಅದಕ್ಕೆ ಎಮ್ಮೆ ಹಾಲು ಜೀರ್ಣವಾಗೋದಿಲ್ಲ. ನೀರು ಕೊಡಿ, ಒಂದು ಮೊಟ್ಟೆ ಬೇಯಿಸಿ ಹಳದಿ ಭಾಗ ಕೊಡಿ. ಅದು ಮಾಂಸ ತಿನ್ನೋ ಪ್ರಾಣಿ, ನಿಮ್ಮ ಮನೇಲಿ ಹುಟ್ಟಿತು ಅಂತ ಅದರ ಹೊಟ್ಟೆ ಬದಲಾಗುತ್ತಾ?"

ಬದಲಾಗುವುದಿಲ್ಲ. ಅದು ಸಂಗಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಅವನು ಟೇಬಲ್ಲಿನ ಮೇಲಿದ್ದ ಸಿರಿಂಜುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದ್ದ, ಮೊದಲೇ ತೊಳೆದಿಟ್ಟದ್ದನ್ನು ಮತ್ತೆ ತೊಳೆಯಲು ಒಯ್ದಿದ್ದ. ಡಾಕ್ಟರು ಮೊಟ್ಟೆ ಅನ್ನುತ್ತಾನೆ, ಇಲ್ಲಿಯವರು ತತ್ತಿ ಅನ್ನುತ್ತಾರೆ. ಸಂಗಯ್ಯ ಎರಡನ್ನೂ ಅನ್ನುತ್ತಿರಲಿಲ್ಲ, ಬಾಯಿ ಬಿಡಲೇಬೇಕಾದಲ್ಲಿ 'ಅದು' ಅನ್ನುತ್ತಿದ್ದ. ನಾಲ್ಕು ವರ್ಷದ ಹಿಂದೆ ಬಾಗಲಕೋಟೆಯಲ್ಲಿ ಇನ್ನೊಬ್ಬ ಡಾಕ್ಟರು, ಹೆಂಗಸು, ಅವನ ಹೆಂಡತಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಇದೇ ಮಾತು ಹೇಳಿದ್ದಳು. ಬಸಲಿಂಗವ್ವ ಆಗ ಆರು ತಿಂಗಳ ಬಸುರಿ. ಮೈಯಲ್ಲಿ ರಕ್ತವೇ ಇಲ್ಲ, ಗುಳಿಗೆ ಬರೆದುಕೊಟ್ಟಿದ್ದೇನೆ, ಅದರ ಜೊತೆ ದಿನಕ್ಕೊಂದು ತತ್ತಿ ತಿನ್ನಲಿ, ನೀವು ಅಯ್ಯಗಳು ಅನ್ನುವುದು ಗೊತ್ತಿದೆ, ಔಷಧ ಅಂತ ತಿಳಿದು ಕೊಡಿ ಅಂದಿದ್ದಳು. ಬಸ್ಸಿನಲ್ಲಿ ಹುನಗುಂದಕ್ಕೆ ವಾಪಸು ಬರುವಾಗ ಇಬ್ಬರೂ ಗುಳಿಗೆಗಳ ಬಗ್ಗೆ ಮಾತಾಡಿದರು. ಬೆಳಿಗ್ಗೆ ಯಾವುದು, ರಾತ್ರಿ ಯಾವುದು. 'ಅದರ' ಮಾತು ಅವಳೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವನು ಎತ್ತಲಿ ಅಂತ ಕಾಯುತ್ತಿದ್ದಳು ಅನ್ನುವುದು ಅವನಿಗೆ ಅಲ್ಲೇ, ಆ ಬಸ್ಸಿನಲ್ಲೇ ಗೊತ್ತಿತ್ತು. ನೋಡೋಣ, ಗುಳಿಗೆಯಿಂದಲೇ ಸುಧಾರಿಸಬಹುದು ಅಂತ ತನ್ನೊಳಗೇ ಅಂದುಕೊಂಡಿದ್ದ. ಸಿರಿಂಜು ತೊಳೆದು ಮುಗಿದ ಮೇಲೂ ಅವನು ನಳದ ಕೆಳಗೆ ಕೈ ಹಿಡಿದೇ ನಿಂತಿದ್ದ. ಡಾಕ್ಟರು ಒಳಗಿಂದ ಎರಡು ಸಲ ಕರೆದ ಮೇಲೆ ಹೋದ.

ಇವತ್ತು, ಒಂಬತ್ತನೆಯ ದಿನ, ಶ್ರಾವಣದ ಎರಡನೇ ಸೋಮವಾರ. ಮಧ್ಯಾಹ್ನ ಕಾಳಿನ ವ್ಯಾಪಾರದ ಹೊಳಬಸಪ್ಪನ ಮನೆಯಲ್ಲಿ ಪಾದಪೂಜೆ ಇತ್ತು. ನೌಕರಿಯೇನೇ ಇರಲಿ, ಸಂಗಯ್ಯ ಹುಟ್ಟಿನಿಂದ ಅಯ್ಯ. ಅಪ್ಪ ನಡೆಸಿಕೊಂಡು ಬಂದ ಹತ್ತು ಮನೆಗಳಿಗೆ ಹೋಗಿ ಪೂಜೆ ಮಾಡಿಸಿಕೊಂಡು ಪ್ರಸಾದ ಮಾಡಿ ಬರುವುದು ಅವನಿಗೆ ತಪ್ಪಿದ್ದಲ್ಲ. ಡಾಕ್ಟರಿಗೆ ಹೇಳಿ ಎರಡು ತಾಸು ರಜೆ ಪಡೆದು, ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿ, ಕಾವಿ ಶಲ್ಯ ಹೊದ್ದು ಹೊರಟಾಗ ಅವ್ವ ಕರೆದಳು. ಮರಿ ಮತ್ತೆ ಮಾಡಿಕೊಂಡಿತ್ತು, ಈ ಸಲ ಅವಳ ಸೀರೆಯ ಮೇಲೆ. ಅವಳಿಂದ ಏಳಲಾಗುವುದಿಲ್ಲ. ಶಲ್ಯ ಗೂಟಕ್ಕೆ ಹಾಕಿ ಅವನೇ ಎಲ್ಲ ಒರೆಸಿದ, ಸೀರೆಯ ಆ ತುದಿಯನ್ನು ತಂಬಿಗೆಯಲ್ಲಿ ಅದ್ದಿ ಹಿಂಡಿದ. ಮರಿಯ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಬಿಟ್ಟು ನೋಡಿದ. ಬಿಟ್ಟ ಮೇಲೂ ಅದು ಎದ್ದೇ ನಿಂತಿತು, ಕೂಡಲಿಲ್ಲ. ಕರುಗಳಲ್ಲಿ ಹೀಗಾದರೆ ಆಸೆ ಬಿಡಿ ಅಂತ ಅವನೇ ರೈತರಿಗೆ ಹೇಳುತ್ತಿದ್ದ. ಮರಿ ಅವನ ಬೆರಳನ್ನು ಹಾಲಿನದೆಂದು ತಿಳಿದು ನೆಕ್ಕಿತು. ನಾಲಿಗೆ ಒಣಗಿ ಒರಟಾಗಿತ್ತು. ಹೊತ್ತಾಯಿತೆಂದು ಕೈಕಾಲಿಗೆ ನೀರು ಸುರಿದುಕೊಂಡು, ಹೊಳಬಸಪ್ಪನ ಮನೆಗೆ ಬಿರಬಿರನೆ ನಡೆದ.

ಪರಾತದಲ್ಲಿ ಕಾಲಿಟ್ಟು ಕೂತ ಮೇಲೆಯೇ ಕಂಡದ್ದು. ಬಲಗಾಲಿನ ಹಿಮ್ಮಡಿಯ ಒಡಕಿನಲ್ಲಿ ಒಣಗಿದ ಹಳದಿ ಗೆರೆ, ಸಣ್ಣದು, ಆದರೂ ಇತ್ತು. ಕಾಲು ಹಿಂದೆಗೆಯಬೇಕು, ಬಚ್ಚಲಿಗೆ ಹೋಗಿ ಬರುತ್ತೇನೆ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಹೊಳಬಸಪ್ಪ ನೀರು ಸುರಿದಾಗಿತ್ತು. ಪತ್ರಿ ಏರಿಸಿದರು, ಗಂಧ ಹಚ್ಚಿದರು, ಊದುಬತ್ತಿ ಬೆಳಗಿದರು. ಗೆರೆ ನೀರಿನಲ್ಲಿ ನಿಧಾನ ಕರಗುವುದನ್ನು ಸಂಗಯ್ಯ ನೋಡುತ್ತ ಕೂತ. ಬೇರೆ ಯಾರೂ ನೋಡಲಿಲ್ಲ. ಅಯ್ಯನ ಕಾಲು ಯಾರು ಹಾಗೆ ನೋಡುತ್ತಾರೆ. ಮೊದಲು ಮನೆಯ ಸೊಸೆಗೆ ಕೊಡಿ ಅಂತ ಹೊಳಬಸಪ್ಪನ ಹೆಂಡತಿ ಅಂದಳು. ಸೊಸೆ ಮುಂದೆ ಬಂದಳು, ತುಂಬಿದ ಬಸುರಿ, ಕೂಡಲು ಕಷ್ಟಪಟ್ಟು ಒಂದು ಕೈ ನೆಲಕ್ಕೂರಿ ಕೂತಳು. ಬೊಗಸೆಯೊಡ್ಡಿ ಪಾದೋದಕ ಇಸಿದುಕೊಂಡಳು. ಅವಳ ಉಗುರುಗಳು ಸುಣ್ಣದ ಹಾಗೆ ಬಿಳಿಚಿದ್ದವು. ಮೂರು ಸಲ ಕುಡಿದು ಉಳಿದದ್ದನ್ನು ಕಣ್ಣಿಗೂ ನೆತ್ತಿಗೂ ಹಚ್ಚಿಕೊಂಡಳು. ಸುಖವಾಗಿ ಎರಡಾಗಲಿ ಅಂತ ಹರಸಿರಿ ಅಯ್ಯನವರೇ ಅಂದಳು ಅತ್ತೆ. ಇವಳಿಗೆ ರಕ್ತ ಇಲ್ಲ, ತಿನ್ನಲು ಕೊಡಿ, ಏನಾದರೂ ಕೊಡಿ ಅನ್ನುವ ಮಾತು ಸಂಗಯ್ಯನ ಗಂಟಲವರೆಗೆ ಬಂದಿತ್ತು. ಅವನು ಕೈಯೆತ್ತಿ ಹರಸಿದ. ಆಮೇಲೆ ಎಲೆಯ ಮುಂದೆ ಕೂಡಿಸಿ ಹೋಳಿಗೆ ಬಡಿಸಿದರು, ತುಪ್ಪ ಸುರಿದರು, ಎಮ್ಮೆಯ ಹಾಲು ಸುರಿದರು. ಒಂದು ತುತ್ತು ಬಾಯಿಗಿಟ್ಟಾಗ ವಾಸನೆ ಮತ್ತೆ ಬಂತು. ಉಗುಳಲೂ ಆಗದೆ, ನುಂಗಲೂ ಆಗದೆ, ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರದ ನೆವ ಹೇಳಿದ. ಹೋಳಿಗೆಗೆ ಎಲ್ಲಿಯ ಖಾರ ಅಂತ ಯಾರೋ ನಕ್ಕರು.

ಅಲ್ಲಿಂದ ದವಾಖಾನೆಗೆ ಹೋಗಲಿಲ್ಲ. ಮನೆಯ ಮುಂಬಾಗಿಲಿಗೂ ಹೋಗಲಿಲ್ಲ. ಓಣಿ ಸುತ್ತು ಹಾಕಿ ಹಿತ್ತಿಲಿನಿಂದ ಒಳಗೆ ಬಂದು, ಎಮ್ಮೆಯ ಗೋದಲಿಯ ಪಕ್ಕದಲ್ಲಿ ನಿಂತ. ಹಿತ್ತಿಲಿಗೂ ನೆರೆಮನೆಯ ಬಿಬಿಜಾನಳ ಅಂಗಳಕ್ಕೂ ನಡುವೆ ಒಂದು ಗೋಡೆ. ಗೋಡೆಯಲ್ಲಿ ಮೊದಲು ಒಂದು ಮುರುಕು ಇತ್ತು, ಎರಡೂ ಮನೆಯ ಹೆಂಗಸರು ಕಡ್ಡಿಪೆಟ್ಟಿಗೆ, ಕರಿಬೇವು, ಕಷಾಯದ ಬೇರು ಅಂತ ದಾಟಿಸುತ್ತಿದ್ದದ್ದು. ಆ ಮುರುಕಿಗೆ ಜಾಲಿಯ ಮುಳ್ಳು ಬಡಿದದ್ದು ಸಂಗಯ್ಯನೇ. ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಿದ್ದ ಗಂಡ ತೀರಿಕೊಂಡ ಮೇಲೆ ಬಿಬಿಜಾನ ಕೋಳಿ ಸಾಕಿ ಹೊಟ್ಟೆ ಹೊರೆಯುತ್ತಿದ್ದಳು. ಬಸುರಿ ಬಸಲಿಂಗವ್ವ ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಕುಸಿದದ್ದನ್ನು ಒಂದು ದಿನ ನೋಡಿದವಳು, ಕೈ ಹಿಡಿದು ಕರೆದೊಯ್ದು, 'ಅದನ್ನೇ' ಬೇಯಿಸಿ ತಿನ್ನಿಸಿದಳು. ಮೂರು ದಿನ, ದಿನಕ್ಕೊಂದರಂತೆ ಮೂರು. ಮೂರನೆಯ ದಿನ ಕುಳ್ಳು ಒಣಗಿದವೇ ಅಂತ ನೋಡಲು ಹಿತ್ತಿಲಿಗೆ ಬಂದ ಸಿದ್ದವ್ವ ಮುರುಕಿನಿಂದ ಕಂಡಳು: ಸೊಸೆಯ ಬಾಯಿ ಆಡುತ್ತಿದೆ, ಕೈಯಲ್ಲಿ ಸಿಪ್ಪೆ. ಕೂಗಾಡಲಿಲ್ಲ. ಅಂದು ಸಂಜೆ ಸೊಸೆ ಬಡಿಸಿದ ತಾಟು ಸರಿಸಿ, ತಾನೇ ಒಲೆಯ ಮುಂದೆ ಕೂತು ಒಂದು ಹಿಡಿ ಹಿಟ್ಟು ಕದಡಿ ಅಂಬಲಿ ಕಾಸಿಕೊಂಡು ಕುಡಿದಳು. ಎಂಟು ದಿನ ಹಾಗೇ. ಸೊಸೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಆ ಎಂಟು ದಿನವೂ ಬಸಲಿಂಗವ್ವ ರೊಟ್ಟಿ ಹಾಕಲು ಬಗ್ಗಿದಾಗಲೆಲ್ಲ ಗಂಡನ ಮುಖ ನೋಡಿದಳು. ಅವನು ತಾಟು ನೋಡಿದ. ಡಾಕ್ಟರು ಹೇಳಿದ್ದರು ಅವ್ವಾ ಅನ್ನುವ ಮೂರು ಶಬ್ದ ಸಾಕಿತ್ತು. ಒಂಬತ್ತನೆಯ ದಿನ ಇಳಕಲ್ಲಿನಿಂದ ಅವಳ ಅಣ್ಣ ಬಂದ. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ಇದ್ದದ್ದೇ. ಓಣಿಗೆ ಹೇಳಲು ಅದೊಂದು ಅನುಕೂಲವಾಯಿತು. ಎಂಟನೆಯ ತಿಂಗಳಿನಲ್ಲಿ ಕೂಸು ಸತ್ತೇ ಹುಟ್ಟಿತು. ಸಂಗಯ್ಯ ಹೋದ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅವನ ಕೂಡ ಒಂದೇ ಮಾತಾಡಿದ್ದು, ಬಸ್ಸಿಗೆ ಹೊತ್ತಾಗಿಲ್ಲವೇ ಅಂತ. ಅವಳು ಮತ್ತೆ ಬರಲಿಲ್ಲ. ಯಾವುದೋ ಮಗ್ಗದ ಮನೆಗೆ ನೂಲು ಸುತ್ತಿಕೊಟ್ಟುಕೊಂಡು ಇದ್ದಾಳೆ ಅಂತ ಸುದ್ದಿ.

ಈಗ ಮುಳ್ಳಿನ ಮುಂದೆ ನಿಂತು, ಇದನ್ನು ಬಡಿ ಅಂತ ಅವ್ವ ಹೇಳಿದ್ದಳೇ ಅಂತ ನೆನಪಿಸಿಕೊಳ್ಳಲು ನೋಡಿದ. ಹೇಳಿದ್ದಳು ಅಂತಲೇ ನಾಲ್ಕು ವರ್ಷ ನಂಬಿದ್ದ. ಅವಳ ದನಿ, ಆ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ತಾನೊಬ್ಬನೇ ಕೊಡಲಿ ಹಿಡಿದು ಬೇಲಿಗೆ ಹೋದದ್ದು, ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂದದ್ದು, ಆ ರಕ್ತ ಕಂಡು ಒಳಗೊಳಗೇ ಒಂದು ದೊಡ್ಡ ಕರ್ತವ್ಯ ಮಾಡಿದ ಹಾಗೆ ಅನ್ನಿಸಿದ್ದು. ಗೋಡೆಯ ಮೇಲಿಂದ ಕತ್ತು ಚಾಚಿದ. ಬಿಬಿಜಾನ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಕರೆಯಬೇಕು. ಏನೆಂದು? ಮೊದಲು ಬಿಬಿಜಾನಕ್ಕ ಅನ್ನುತ್ತಿದ್ದ. ಅವನು ಕೆಮ್ಮಿದ. ಅವಳು ತಲೆಯೆತ್ತಿ ನೋಡಿ, ಸೆರಗು ಎಳೆದುಕೊಂಡಳು, ಎದ್ದು ಬರಲಿಲ್ಲ.

ಬೆಕ್ಕಿನ ಮರಿಗೆ ಹೊಟ್ಟೆ ಕೆಟ್ಟಿದೆ, ಒಂಬತ್ತು ದಿನವಾಯಿತು, ಔಷಧಕ್ಕೆ ಬೇಕಾಗಿತ್ತು ಅಂತ ಸಂಗಯ್ಯ ಗೋಡೆಗೆ ಹೇಳುವ ಹಾಗೆ ಹೇಳಿದ. ಏನು ಬೇಕಾಗಿತ್ತು ಅನ್ನಲಿಲ್ಲ. ಕೇಳಿಸಿಕೊಂಡಳು. ಮೊರವನ್ನು ಬದಿಗಿಟ್ಟಳು.

"ಏನ್ ಬೇಕ್ರಿ ಅಯ್ಯಾರ? ಬಾಯ್ಬಿಟ್ಟು ಹೇಳ್ರಿ."

"ತತ್ತಿ," ಅಂದ ಸಂಗಯ್ಯ. ಎಷ್ಟೋ ವರ್ಷದ ಮೇಲೆ ಆ ಶಬ್ದ ಅವನ ಬಾಯಿಂದ ಬಂತು. ಕಾವಿ ಶಲ್ಯ ಇನ್ನೂ ಹೆಗಲ ಮೇಲಿದೆ ಅನ್ನುವುದು ಆಗ ನೆನಪಾಗಿ ಕೈಯಿಂದ ಮುಚ್ಚಿಕೊಳ್ಳಲು ಹೋದ, ಹೇಗೆ ಮುಚ್ಚಿಕೊಳ್ಳುವುದು ಅಂತ ತಿಳಿಯಲಿಲ್ಲ.

ಅವಳು ಬುಟ್ಟಿಯ ಕೆಳಗೆ ಕೈ ಹಾಕಿ ಒಂದನ್ನು ತೆಗೆದಳು. ಅಯ್ಯಗಳ ಒಲೆಯ ಮೇಲೆ ಬೇಯಿಸಲಾಗುವುದಿಲ್ಲ ಅನ್ನುವುದು ಅವಳಿಗೇ ಹೊಳೆದು, ತಾನೇ ಬೇಯಿಸಿ ಕೊಡುತ್ತೇನೆ, ನಿಂತಿರಿ ಅಂದಳು. ಅವನು ನಿಂತ. ಒಳಗೆ ನೀರು ಮರಳುವ ಸಪ್ಪಳ ಬಂತು. ಕೋಳಿಯೊಂದು ಮುಳ್ಳಿನ ಬುಡ ಕೆದರುತ್ತ ಅವನ ಕಡೆ ಓರೆಯಾಗಿ ನೋಡಿತು. ಓಣಿಯಲ್ಲಿ ಯಾರಾದರೂ ಹಾಯ್ದುಹೋದರೆ, ಹೊಳಬಸಪ್ಪನ ಆಳು ಕಂಡರೆ, ಒಳಗಿಂದ ಅವ್ವ ಕರೆದರೆ ಅಂತ ತಿರುತಿರುಗಿ ನೋಡಿದ. ಒಂದು ಬೆಕ್ಕಿಗೋಸ್ಕರ ಇಷ್ಟೊತ್ತು ನಿಲ್ಲಲು ಬಂತಲ್ಲ ಅನ್ನುವುದೂ ಅದರ ಜೊತೆಗೇ ಚುಚ್ಚಿತು. ಬಿಬಿಜಾನ ಸುಲಿದು ಔಡಲ ಎಲೆಯಲ್ಲಿ ಸುತ್ತಿ ತಂದಳು. ಗೋಡೆಯ ಮೇಲೆ ಇಟ್ಟಳು, ಅವನ ಕೈಗೆ ಕೊಡಲಿಲ್ಲ.

"ಆಕಿ ಇಲ್ಲೇ ಕುಂತು ತಿಂದ್ಲು," ಅಂದಳು, ಅಂಗಳದ ಒಂದು ಜಾಗದ ಕಡೆ ಕತ್ತು ತಿರುಗಿಸಿ. "ಮೊದಲನೇ ದಿನ ಬ್ಯಾಡ ಬ್ಯಾಡ ಅಂತ ಅತ್ತು ತಿಂದ್ಲು. ಎರಡನೇ ದಿನ ತಾನಾಗೇ ಬಂದ್ಲು. ನಮ್ಮ ಮನಿಯವರು ನಾಳಿಂದ ತರ್ತಾರ, ನಿಮಗ ತ್ರಾಸು ಕೊಡಂಗಿಲ್ಲ ಅಂದ್ಲು. ನೀವು ತರ್ತೀರಿ ಅಂತ ಆಕಿಗೆ ಭಾಳ ಭರೋಸಾ ಇತ್ತು ನೋಡ್ರಿ."

ಸಂಗಯ್ಯ ಎಲೆಯ ಪೊಟ್ಟಣ ಎತ್ತಿಕೊಂಡ. ಇನ್ನೂ ಬಿಸಿಯಿತ್ತು. ನಾಳೆಯೂ ಬೇಕಾಗುತ್ತದೇನು ಅಂತ ಅವಳು ಕೇಳಿದ್ದಕ್ಕೆ ಹೌದೆಂದು ಗೋಣಾಡಿಸಿದ. ಬೆಳಿಗ್ಗೆ ಗೋಡೆಯ ಮೇಲೆ ಇಟ್ಟಿರುತ್ತೇನೆ ಅಂದು ಅವಳು ಮೊರದ ಹತ್ತಿರ ಹೋಗಿ ಕೂತಳು.

ಮರಿಯನ್ನು ಹೊರಗೆ ತರಲು ಅವ್ವನಿಗೆ ಸುಳ್ಳು ಹೇಳಬೇಕಾಯಿತು: ಬಿಸಿಲು ಕಾಯಿಸಬೇಕು, ಡಾಕ್ಟರು ಹೇಳಿದ್ದಾರೆ, ಎರಡು ದಿನ ಹಾಲು ಕೊಡಬಾರದು, ಬರೀ ಔಷಧದ ನೀರು. ಡಾಕ್ಟರು ಹೇಳಿದ್ದಾರೆ ಅನ್ನುವ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತು ಅಂದರೆ, ಹೇಳಿ ಮುಗಿಸಿದವನೇ ಕಂಬ ಹಿಡಿದು ನಿಂತ. ಅವ್ವ ಒಂದೂ ಎದುರು ಮಾತಾಡದೆ ಮರಿಯನ್ನು ಎತ್ತಿ ಕೊಟ್ಟಳು. ಎಮ್ಮೆಯ ಹಿಂದೆ, ಕಣಿಕೆಯ ಮರೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಹಳದಿಯನ್ನು ಬೆರಳಿನಿಂದ ಕಿವುಚಿ ನೀರು ಹಾಕಿ ಅದರ ಮೂಗಿಗೆ ಹಿಡಿದ. ಮೊದಲು ಮುಖ ತಿರುಗಿಸಿತು. ತುಟಿಗೆ ಒರೆಸಿದ. ನೆಕ್ಕಿತು, ನಿಂತಿತು, ಮತ್ತೆ ನೆಕ್ಕಿತು. ಆಮೇಲೆ ಬೆರಳನ್ನೇ ಕಚ್ಚಿ ಎಳೆಯತೊಡಗಿತು, ಗಂಟಲಲ್ಲಿ ಗುರ್ ಅನ್ನುತ್ತ, ಅಷ್ಟು ಹೊತ್ತು ಆ ದನಿ ಎಲ್ಲಿಟ್ಟುಕೊಂಡಿತ್ತೋ. ಬೆರಳು ಅಂಟು ಅಂಟು, ಗಂಧಕದಂಥ ವಾಸನೆ, ಬೆಳಿಗ್ಗೆ ಅದೇ ಬೆರಳಿನಿಂದ ಲಿಂಗಕ್ಕೆ ವಿಭೂತಿ ಹಚ್ಚಿದ್ದ. ಆದರೂ ಬೆರಳು ತೆಗೆಯಲಿಲ್ಲ. ಬಸಲಿಂಗವ್ವನೂ ಹೀಗೇ ಹಸಿದಿದ್ದಳೇ ಅಂತ ಕೇಳಿಕೊಂಡ. ಅತ್ತು ತಿಂದಳಂತೆ. ಮುಗಿದ ಮೇಲೆ ಮರಿಯ ಬಾಯಿ ಒರೆಸಿ, ಉಳಿದದ್ದನ್ನು ಗೊಬ್ಬರದ ತಿಪ್ಪೆಯಲ್ಲಿ ಹುಗಿದು, ಬೂದಿಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡು ಒಳಗೆ ಹೋದ.

ಮರುದಿನವೂ ಹಾಗೇ, ಅದರ ಮರುದಿನವೂ. ಬೆಳಗಾಗುವಾಗ ಗೋಡೆಯ ಮೇಲೆ ಔಡಲ ಎಲೆಯ ಪೊಟ್ಟಣ ಇರುತ್ತಿತ್ತು. ಎರಡನೆಯ ದಿನ ಸಂಜೆ ಹಳದಿ ನೀರು ನಿಂತಿತು. ಮೂರನೆಯ ದಿನ ಮರಿ ತಾನಾಗಿ ಕೌದಿಯಿಂದ ಇಳಿದು, ಒಲೆಯ ಬೂದಿ ಕೆದರಿ, ಗಟ್ಟಿಯಾಗಿ ಮಾಡಿ, ಮುಂಗಾಲಿನಿಂದ ಮುಚ್ಚಿತು. ಬಗ್ಗಿ ಅದನ್ನು ನೋಡುತ್ತ ಸಂಗಯ್ಯನಿಗೆ ಖುಷಿಯಾಗಬೇಕಿತ್ತು, ಆಯಿತೂ ಸಹ, ಒಂದು ಗಳಿಗೆ. ಆಮೇಲೆ ಅಲ್ಲೇ ಒಲೆಯ ಮುಂದೆ ಕೂತ. ಮೂರೇ ದಿನ. ಇಷ್ಟೇ ಇತ್ತು. ಅವ್ವ ಈಗ ಇದು ತನ್ನ ವಿಭೂತಿಯಿಂದ ಆಯಿತು ಅನ್ನುತ್ತಾಳೆ, ನೋಡಿದೆಯಾ, ಆ ಹೊಲಸು ಮುಟ್ಟದೆಯೇ ಬದುಕಿತು, ನಿನ್ನ ಹೆಂಡತಿಗೆ ತಾಳ್ಮೆ ಇರಲಿಲ್ಲ ಅನ್ನುತ್ತಾಳೆ ಅಂತ ಕಾದ. ಅನ್ನಲಿ, ಅಂದರೆ ತನಗೆ ಸಿಟ್ಟಾದರೂ ಬರುತ್ತದೆ, ಸಿಟ್ಟು ಬಂದರೆ ಎಷ್ಟೋ ಹಗುರ ಅಂತ ಕಾದ. ಅವ್ವ ಏನೂ ಅನ್ನಲಿಲ್ಲ. ಹಾಲು ಯಾವಾಗಿನಿಂದ ಕೊಡಲಿ ಅಂತಲೂ ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸಿದ್ದವ್ವ ಲಿಂಗಪೂಜೆ ಮುಗಿಸಿ, ದೇವರ ಜಗಲಿಯ ಮುಂದೆ ಕಾಲು ಚಾಚಿ ಕೂತಿದ್ದಳು. ಮರಿ ಅವಳ ತೊಡೆಯೇರಿತು. ಅವಳು ವಿಭೂತಿಯ ಗಟ್ಟಿ ತೆಗೆದುಕೊಂಡಳು. ಸಂಗಯ್ಯ ಬಾಗಿಲ ಹತ್ತಿರ ಬಟ್ಟೆ ಹಾಕಿಕೊಳ್ಳುತ್ತಿದ್ದವನು, ತಡೆಯಲಾರದೆ ಅಂದುಬಿಟ್ಟ. ಅಂದದ್ದು ಹಿತ್ತಿಲಲ್ಲಿ ಎಮ್ಮೆಗೂ ಕೇಳಿಸುವಷ್ಟು ಗಟ್ಟಿಯಾಯಿತು.

"ಅದನ್ನ ಜಗಲಿ ಮುಂದ ಕೂಡಿಸಬ್ಯಾಡ ಅವ್ವಾ. ಅದು ತತ್ತಿ ತಿಂದೈತಿ. ನಾನ ತಿನ್ನಿಸೀನಿ, ಈ ಕೈಯಿಂದನ."

ಸಿದ್ದವ್ವನ ಕೈ ನಿಲ್ಲಲಿಲ್ಲ. ಮರಿಯ ಹಣೆಯ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದಳು.

"ಗೊತ್ತೈತಿ," ಅಂದಳು. "ಮೊದಲನೇ ದಿನಾನ ಅದರ ಬಾಯಿ ನಾತ ಬಂತು. ನೀ ಚಲೋತ್ನಂಗ ಒರಸಿರಲಿಲ್ಲ. ನಾ ಸೆರಗಿಲೆ ಒರಸೀನಿ."

ಸಂಗಯ್ಯ ಹೊಸ್ತಿಲ ಮೇಲೇ ಕೂತ. ಹೊಸ್ತಿಲ ಮೇಲೆ ಕೂಡಬಾರದು ಅಂತ ಚಿಕ್ಕಂದಿನಿಂದ ಹೇಳುತ್ತಿದ್ದವಳು ಅದನ್ನೂ ಹೇಳಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅಂತ ಅವನು ಕೇಳಿದ. ಬೈಯಬಹುದಿತ್ತಲ್ಲ, ಮುಟ್ಟದೆ ಬಿಡಬಹುದಿತ್ತಲ್ಲ. ಏನು ಬೈಯಲಿ, ಬದುಕಲಿ ಅಂತ ನೀನು ಮಾಡಿದೆ, ಬದುಕಿತು ಅಂತ ಅವ್ವ ಅಂದಳು. ಮರಿ ಹೊಟ್ಟೆ ಮೇಲು ಮಾಡಿ ಬಿದ್ದುಕೊಂಡಿತು. ಹುಣ್ಣಾಗಿದ್ದಲ್ಲಿ ಹೊಸ ಚರ್ಮ ತಿಳಿಗೆಂಪಾಗಿ ಬರುತ್ತಿತ್ತು. ಸಿದ್ದವ್ವ ಅದನ್ನೇ ಬೆರಳ ತುದಿಯಿಂದ ಸವರುತ್ತ, ಅವನ ಕಡೆ ನೋಡದೆ, ನೀರು ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಆಕಿಗ್ಯಾಕ ತಂದು ಕೊಡಲಿಲ್ಲೋ ತಮ್ಮಾ?"

"ನೀ ಆಕಿ ಕೈಯಾನ ನೀರು ಸೈತ ಕುಡೀಲಿಲ್ಲಲ್ಲ ಅವ್ವಾ," ಅಂದ. ನಲವತ್ತೆರಡು ವರ್ಷದವನ ದನಿಯಲ್ಲ ಅದು, ಸಾಲೆಯಲ್ಲಿ ಪೆಟ್ಟು ತಿಂದು ಬಂದವನದು.

"ಇಲ್ಲ, ಕುಡೀಲಿಲ್ಲ. ಅದು ನಂದು, ನಾ ಹೊತ್ಕೊಂಡು ಹೋಗ್ತೇನಿ. ನಾ ಕೇಳಿದ್ದು ನಿಂದು. ನೀ ತಂದು ಆಕಿ ಕೈಯಾಗ ಇಟ್ಟಿದ್ರ ನಾ ಏನ್ ಮಾಡ್ತಿದ್ನಿ? ಬೈತಿದ್ನಿ. ನಾಕ ದಿನ ಉಪಾಸ ಬೀಳ್ತಿದ್ನಿ. ಆಮ್ಯಾಲ ಎಲ್ಲಿಗೆ ಹೋಗ್ತಿದ್ನಿ ನಾನು? ನೀ ಬಾಯಿ ಬಿಡಲಿಲ್ಲ. ನಿನಗೂ ಆಕಿ ಬ್ಯಾಡಾಗ್ಯಾಳ ಅಂತ ತಿಳಕೊಂಡೆ ನಾ."

ಇಲ್ಲ ಅವ್ವಾ ಅನ್ನಬೇಕೆಂದು ಸಂಗಯ್ಯ ಬಾಯಿ ತೆರೆದ. ನಾಲ್ಕು ವರ್ಷ ಯಾರು ಕೇಳಿದರೂ, ಯಾರೂ ಕೇಳದೆ ತಾನೇ ಕೇಳಿಕೊಂಡಾಗಲೂ, ಅವನ ಹತ್ತಿರ ಇದ್ದ ಉತ್ತರ ಒಂದೇ: ಅವ್ವ. ಈಗ ಅವಳೇ ಎದುರಿಗೆ ಕೂತು ಕೇಳುತ್ತಿದ್ದಳು. ಮರಿ ಎದ್ದು ಮೈ ಮುರಿಯಿತು. ಹೊತ್ತಾದದ್ದು ಅದಕ್ಕೆ ತಿಳಿದಿತ್ತು. ಅವಳ ತೊಡೆಯಿಂದ ಇಳಿದು ಬಂದು ಅವನ ಮೊಣಕಾಲಿಗೆ ಮುಂಗಾಲಿಟ್ಟು ಒದರತೊಡಗಿತು.

"ಹೋಗು, ಹಸಿವಾಗೈತಿ ಅದಕ್ಕ," ಅಂದಳು ಸಿದ್ದವ್ವ. "ಕಳ್ಳರಂಗ ಹಿತ್ತಲದಾಗ ಕುಂದ್ರಬ್ಯಾಡ. ಇಲ್ಲೇ ತಂದು ತಿನ್ನಿಸು."

ಹಿತ್ತಿಲ ಗೋಡೆಯ ಮೇಲೆ ಪೊಟ್ಟಣ ಬಂದಾಗಿರಬೇಕು. ಮರಿ ಅವನ ಧೋತರಕ್ಕೆ ಉಗುರು ಹಾಕಿ ಎಳೆಯುತ್ತಿತ್ತು. ಸಂಗಯ್ಯ ಬಾಗಿಲ ಚೌಕಟ್ಟು ಹಿಡಿದು ಏಳಲು ನೋಡಿದ, ಆಗಲಿಲ್ಲ, ಅಲ್ಲೇ ಕೂತುಬಿಟ್ಟ.